ಕೋಣವನ್ನು ಮೊದಲೇ ಬಿಡಿ ಅಂತ ಮಕ್ಕಳಿಗೆ ಹೇಳಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಮೇಜಿನ ಮೇಲೆ ಆಡುವ ಕಾರ್ಡ್ ಯುದ್ಧದ ಆಟಗಳ ಬಗ್ಗೆ ಒಂದು ಬರಹ ಬಂದಿತ್ತು. ಇಂಥ ಆಟದ ಬಗ್ಗೆ ಕನ್ನಡದಲ್ಲಿ ಬರೆಯುವವರು ಇದ್ದಾರಲ್ಲ ಅಂತ ತುಂಬಾ ಖುಷಿಯಾಯಿತು. ಪುಟ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಅದರಲ್ಲಿ ಒಂದು ಸಲಹೆ ಸರಿಯಿಲ್ಲ. ಜೋರಾಗಿ ಓಡುವ, ಭಾರೀ ಗಾತ್ರದ ಪ್ರಾಣಿಯ ಕಾರ್ಡ್ (ನಮ್ಮ ಮನೆಯಲ್ಲಿ ಅದಕ್ಕೆ ಕೋಣ ಅನ್ನುತ್ತೇವೆ) ಕೈಗೆ ಬಂದರೆ ತಡ ಮಾಡದೆ ಎದುರಾಳಿಯ ದೊರೆಯ ಮೇಲೆ ನುಗ್ಗಿಸಿ ಅಂತ ಅದರಲ್ಲಿದೆ. ಅದನ್ನು ಓದಿದ ನಮ್ಮ ಕೆಳಗಿನ ಮನೆ ಹುಡುಗ ಅವತ್ತೇ ಸಂಜೆ ಹಾಗೇ ಆಡಿದ. ಎರಡು ಆಟ ಸೋತ. ಮೂರನೆಯದಕ್ಕೆ ಕೂರಲೇ ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗ. ಪೇಪರಿನಲ್ಲಿ ಬಂದಿದೆ ಅಂದಮೇಲೆ ಸರಿಯಾಗೇ ಇರುತ್ತೆ ಅಂತ ನಂಬಿದ್ದ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾರ್ಕಳದ ಕಡೆಯವನು. ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದು ಹೋಟೆಲ್ ಕೆಲಸಕ್ಕೆ ಸೇರಿದೆ. ಲೋಟ ತೊಳೆದೆ, ಸಪ್ಲೈ ಮಾಡಿದೆ, ಕೊನೆಗೆ ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತೆ. ಈಗ ಶ್ರೀನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಸೆಕೆಂಡ್ ಪಿಯು. ಅವಳ ಚಿಕ್ಕಪ್ಪ ಅಮೆರಿಕದಿಂದ ಬರುವಾಗ ಈ ಆಟದ ಡಬ್ಬಿ ತಂದುಕೊಟ್ಟ. ಎರಡು ವರ್ಷದಿಂದ ವಾರಕ್ಕೆ ಮೂರು ನಾಲ್ಕು ಸಲ ಆಡುತ್ತೇವೆ. ಮೊದಲು ಅವಳು ಮತ್ತು ನಾನು ಇಬ್ಬರೇ ಇದ್ದೆವು. ಈಗ ಕೆಳಗಿನ ಮನೆ ಹುಡುಗ, ಅವನ ತಂಗಿ, ಎದುರು ಮನೆಯ ಇಬ್ಬರು ಎಲ್ಲರೂ ಬರುತ್ತಾರೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹಾಸಿನ ಮೇಲೆ ಉದ್ದಕ್ಕೆ ಎಂಟು, ಅಗಲಕ್ಕೆ ಆರು, ಒಟ್ಟು 48 ಮನೆ. ಎರಡು ಕಡೆಗೂ ಒಬ್ಬೊಬ್ಬ ದೊರೆ. ದೊರೆಗೆ ಏಳು ಪ್ರಾಣ. ಅವನು ಸತ್ತರೆ ಆಟ ಮುಗಿಯಿತು. ಮಣಿ ಕೊಟ್ಟು ಕಾರ್ಡುಗಳನ್ನು ಹಾಸಿಗೆ ಇಳಿಸಬೇಕು. ಕಾಲಾಳಿಗೆ ಒಂದು ಮಣಿ. ನಾನು ಹೇಳುತ್ತಿರುವ ಪ್ರಾಣಿಗೆ ಐದು ಮಣಿ. ಕಾಲಾಳು ಒಂದು ಸರದಿಗೆ ಎರಡು ಮನೆ ನಡೆದರೆ ಅದು ನಾಲ್ಕು ಮನೆ ಓಡುತ್ತದೆ. ಯಾರೂ ಅಡ್ಡಡ್ಡ ಮೂಲೆಗೆ ಹೋಗುವ ಹಾಗಿಲ್ಲ. ಒಂದು ಸರದಿಗೆ ಮೂರು ಕಾರ್ಡ್ ನಡೆಸಬಹುದು, ಮೂರು ಕಾರ್ಡ್ ಹೊಡೆಯಬಹುದು. ಹೊಡೆಯಲು ದಾಳ ಹಾಕಬೇಕು, ಮೂರು ಅಥವಾ ಮೇಲೆ ಬಿದ್ದರೆ ಏಟು. ಕಾಲಾಳಿಗೆ ಎರಡು ದಾಳ, ಈ ಪ್ರಾಣಿಗೆ ನಾಲ್ಕು. ನೇರ ಗೆರೆಯಲ್ಲಿ ಮೂರು ಮನೆ ಓಡಿಬಂದು ಗುದ್ದಿದರೆ ಇನ್ನೊಂದು ದಾಳ ಜಾಸ್ತಿ. ಅದರ ಪ್ರಾಣ ಆರು. ಮತ್ತೆ, ಕಾರ್ಡ್ ಸತ್ತರೆ ಅದಕ್ಕೆ ಕೊಟ್ಟ ಅಷ್ಟೂ ಮಣಿ ಎದುರಾಳಿಗೆ ಸೇರುತ್ತದೆ. ಈ ಕೊನೆಯ ಮಾತು ಮರೆಯಬೇಡಿ.

ಕಾರ್ಡಿನ ಮೇಲಿರುವುದು ಘೇಂಡಾಮೃಗದ ಚಿತ್ರ. ಬೆನ್ನಿಗೆ ಕಬ್ಬಿಣದ ಕವಚ, ಕೊಂಬಿಗೆ ಬಳೆ. ಘೇಂಡಾಮೃಗ ಅಂತ ಪ್ರತಿ ಸಲ ಹೇಳುವುದು ಉದ್ದವಾಯಿತು, ನಾನು ಕೋಣ ಅಂದೆ. ಮಕ್ಕಳೂ ಅದನ್ನೇ ಹಿಡಿದುಕೊಂಡರು. ಹೆಸರು ಬದಲಾದರೂ ಸ್ವಭಾವ ಬದಲಾಗಿಲ್ಲ. ನಿಜವಾದ ಒಂಟಿ ಕೊಂಬಿನ ಘೇಂಡಾಮೃಗ ಎರಡು ಸಾವಿರ ಕಿಲೋ ದಾಟುತ್ತದೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ಕಣ್ಣು ಮಾತ್ರ ಅಷ್ಟು ಚುರುಕಿಲ್ಲ. ಕಾರ್ಡ್ ಬರೆದವರಿಗೆ ಇದೆಲ್ಲ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಮೊದಲ ತಿಂಗಳು ನಾನೂ ನಿಮ್ಮ ಬರಹಗಾರರ ಹಾಗೇ ಆಡಿದೆ. ಕೋಣ ಬಂತು, ಐದು ಮಣಿ ಇಟ್ಟೆ, ಇಳಿಸಿದೆ, ಓಡಿಸಿದೆ. ದೊರೆಯ ಪಕ್ಕಕ್ಕೆ ಹೋಗಿ ನಿಂತಿತು. ಐದು ದಾಳ ಹಾಕಿದೆ, ಮೂರು ಏಟು ಬಿತ್ತು. ಮೊಮ್ಮಗಳು ಏನೂ ಮಾತಾಡಲಿಲ್ಲ. ಒಂದೊಂದು ಮಣಿಯ ಮೂರು ಕಾಲಾಳುಗಳನ್ನು ತಂದು ಕೋಣದ ಉಳಿದ ಮೂರು ಬದಿಗೆ ನಿಲ್ಲಿಸಿದಳು. ನಾಲ್ಕನೆಯ ಬದಿಯಲ್ಲಿ ಅವಳ ದೊರೆಯೇ ಇದ್ದ. ಅಷ್ಟೇ, ಕೋಣ ಅಲ್ಲಾಡುವ ಹಾಗಿಲ್ಲ. ನಾಲ್ಕು ಮನೆ ಓಡುವ ಪ್ರಾಣಿಗೆ ಕಾಲಿಡಲು ಒಂದು ಮನೆ ಉಳಿಯಲಿಲ್ಲ. ಎರಡು ಸರದಿಗೆ ಸತ್ತಿತು. ನನ್ನ ಐದು ಮಣಿ ಅವಳ ಕಡೆ ಹೋಯಿತು. ಆ ಮಣಿಯಿಂದ ಅವಳು ತನ್ನ ಕೋಣ ಇಳಿಸಿದಳು.

ಒಂದು ಸಲ ಆಗಿದ್ದರೆ ದಾಳ ಕೈಕೊಟ್ಟಿತು ಅನ್ನಬಹುದಿತ್ತು. ಪ್ರತಿ ಸಲ ಹೀಗೇ ಆಯಿತು. ಆಮೇಲೆ ಕೂತು ಲೆಕ್ಕ ಹಾಕಿದೆವು. ದಾಳದ ಆರು ಮುಖದಲ್ಲಿ ನಾಲ್ಕು ಮುಖ ಏಟು, ಅಂದರೆ ಮೂರಕ್ಕೆ ಎರಡು. ಮೊದಲ ಗುದ್ದಿಗೆ ಐದು ದಾಳ, ಸರಾಸರಿ ಮೂರು ಏಟಿಗೆ ಸ್ವಲ್ಪ ಜಾಸ್ತಿ. ಎರಡನೇ ಸಲ ಓಡಿ ಬರುವುದಿಲ್ಲ, ನಿಂತಲ್ಲೇ ಹೊಡೆಯುತ್ತದೆ, ನಾಲ್ಕೇ ದಾಳ. ಎರಡೂ ಸೇರಿ ಸರಾಸರಿ ಆರು. ದೊರೆಗೆ ಏಳು ಪ್ರಾಣ. ಅಂದರೆ ಸಾಮಾನ್ಯವಾಗಿ ಮೂರನೇ ಸರದಿ ಬೇಕಾಗುತ್ತದೆ. ಈ ಕಡೆ ನೋಡಿ, ಸುತ್ತ ನಿಂತ ಮೂರು ಕಾಲಾಳಿಗೆ ಎರಡೆರಡು ದಾಳ, ಒಟ್ಟು ಆರು. ಸರಾಸರಿ ನಾಲ್ಕು ಏಟು. ಕೋಣಕ್ಕೆ ಆರು ಪ್ರಾಣ, ಎರಡು ಸರದಿಗೆ ಮುಗಿಯಿತು. ದೊರೆಯನ್ನು ಕೊಲ್ಲಲು ಮೂರು ಸರದಿ, ಕೋಣ ಸಾಯಲು ಎರಡು ಸರದಿ. ಎಷ್ಟು ಧೈರ್ಯದಿಂದ ನುಗ್ಗಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ ಅಲ್ವಾ?

ಆ ಲೆಕ್ಕ ಬರೆದ ಹಾಳೆ ನೋಡುತ್ತಿದ್ದಾಗ ನನಗೆ ಆಡು ಹುಲಿ ಆಟ ನೆನಪಾಯಿತು. ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುತ್ತಿದ್ದೆವು. ಹಂಪಿಯ ಕಲ್ಲುಹಾಸಿನ ಮೇಲೂ ಇಂಥ ಮನೆಗಳನ್ನು ಕೊರೆದಿರುವುದನ್ನು ನೋಡಬಹುದು. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಹಾರಿ ಆಡನ್ನು ಕಡಿಯುತ್ತದೆ. ಆಡು ಹುಲಿಯನ್ನು ಕಡಿಯುವ ಹಾಗೇ ಇಲ್ಲ. ಆದರೂ ಆಡಿನ ಕಡೆಯವರು ಗೆಲ್ಲುತ್ತಾರೆ. ಹೇಗೆ? ಹುಲಿಗೆ ಕಾಲಿಡಲು ಜಾಗ ಇಲ್ಲದ ಹಾಗೆ ಕಟ್ಟುತ್ತಾರೆ. ಒಂದು ಆಡಿನ ಆಸೆಗೆ ಮೂಲೆಗೆ ಹಾರಿದ ಹುಲಿಯೇ ಮೊದಲು ಕಟ್ಟಿಹಾಕಿಸಿಕೊಳ್ಳುತ್ತದೆ. ಹುಲಿ ಆಡುವವರಿಗೆ ದೊಡ್ಡವರು ಹೇಳುತ್ತಿದ್ದ ಮಾತು ಒಂದೇ, ಹಾರುವ ಮುಂಚೆ ವಾಪಸ್ ಬರುವ ಮನೆ ನೋಡಿಕೋ. ಅಮೆರಿಕದ ಡಬ್ಬಿಯ ಆಟಕ್ಕೂ ಇದೇ ಮಾತು ಸಾಕಾಯಿತು.

ಹಾಗಾದರೆ ಕೋಣವನ್ನು ಏನು ಮಾಡಬೇಕು? ಇಳಿಸಿ, ಹಿಂದೆ ನಿಲ್ಲಿಸಿ. ಸುಮ್ನೆ ನಿಲ್ಲಿಸುವುದಲ್ಲ, ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಒಂದು ದಿನ ಮೊಮ್ಮಗಳು ಚೌಕಾಬಾರದ ಡಬ್ಬಿಯಿಂದ ಹುಣಸೆ ಬೀಜ ತಂದಳು. ಖಾಲಿ ಹಾಸಿನಲ್ಲಿ ಕೋಣವನ್ನು ಮೂಲೆಯ ಮನೆಯಲ್ಲಿಟ್ಟು, ಅದು ಒಂದು ಸರದಿಗೆ ಮುಟ್ಟಬಹುದಾದ ಪ್ರತಿ ಮನೆಗೂ ಒಂದೊಂದು ಬೀಜ ಹಾಕಿದಳು. ಹದಿನಾಲ್ಕು ಬೀಜ ಆಯಿತು. ಆಮೇಲೆ ಅದೇ ಕೋಣವನ್ನು ಎರಡನೇ ಸಾಲಿಗೆ, ಎಡದಿಂದ ಮೂರನೇ ಮನೆಗೆ ಇಟ್ಟು ಮತ್ತೆ ಬೀಜ ಹಾಕಿದಳು. ಇಪ್ಪತ್ತಾರು. 48 ಮನೆಯ ಹಾಸಿನಲ್ಲಿ 26 ಮನೆ! ನಮ್ಮ ಕೋಣ ನಮ್ಮ ಬಾಗಿಲಲ್ಲೇ ನಿಂತಿದೆ, ಬೀಜ ನೋಡಿದರೆ ಎದುರಾಳಿಯ ಅರ್ಧಕ್ಕೂ ಕಾಲು ಚಾಚಿದೆ. ಹಾಸು ತುಂಬ ಕಂದು ಬೀಜ ಹರಡಿದ್ದನ್ನು ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ವೇಗ ಇರುವುದು ಬೇಗ ಹೋಗಲಿ ಅಂತ ಅಲ್ಲ, ತಡವಾಗಿ ಹೊರಟರೂ ಸರಿಯಾದ ಹೊತ್ತಿಗೆ ಮುಟ್ಟಲಿ ಅಂತ. ನಿಧಾನದ ಕಾಲಾಳನ್ನು ಮೊದಲೇ ಕಳಿಸಬೇಕು, ಅವನಿಗೆ ಬೇರೆ ದಾರಿಯಿಲ್ಲ. ಕೋಣಕ್ಕೆ ಕಾಯುವ ಶಕ್ತಿ ಇದೆ.

ಅದು ಹಾಗೆ ನಿಂತಾಗ ಎದುರಾಳಿ ಏನು ಮಾಡುತ್ತಾನೆ ಅಂತ ಗಮನಿಸಿ. ಕೆಳಗಿನ ಮನೆ ಹುಡುಗನ ಬಿಲ್ಲುಗಾರರು ಬೀಜದ ಗಡಿ ದಾಟುವುದೇ ಇಲ್ಲ. ಬೀಜ ಎತ್ತಿಟ್ಟಿದ್ದರೂ ಅವನ ಕಣ್ಣಿಗೆ ಕಾಣುತ್ತಿರುತ್ತದೆ. ದೊರೆಯ ಪಕ್ಕದಲ್ಲಿ ಇಬ್ಬರು ಕಾಲಾಳುಗಳನ್ನು ಸದಾ ಕಾವಲಿಗೆ ಇಡುತ್ತಾನೆ. ಅವರು ಮುಂದೆ ಬರುವುದಿಲ್ಲ, ಹೊಡೆಯುವುದಿಲ್ಲ. ನನ್ನ ಕೋಣ ಒಂದು ಹೆಜ್ಜೆ ಇಡದೆ ಅವನ ಇಬ್ಬರನ್ನು ಕಟ್ಟಿಹಾಕಿತು. ಅಷ್ಟರಲ್ಲಿ ನನ್ನ ಕಾಲಾಳುಗಳು ಮತ್ತು ಬಿಲ್ಲುಗಾರರು ದೊರೆಗೆ ಒಂದು, ಎರಡು ಅಂತ ಏಟು ಹಾಕುತ್ತಾ ಏಳು ಪ್ರಾಣವನ್ನು ಮೂರಕ್ಕೆ ಇಳಿಸುತ್ತಾರೆ. ಆಗ ಬಿಡಬೇಕು ಕೋಣವನ್ನು. ಐದು ದಾಳದಲ್ಲಿ ಕನಿಷ್ಠ ಮೂರು ಏಟು ಬೀಳಬೇಕು. ಮೊಮ್ಮಗಳು ತನ್ನ ಕಾಲೇಜಿನ ಲೆಕ್ಕದಲ್ಲೇ ಬಿಡಿಸಿ ತೋರಿಸಿದಳು, 243ರಲ್ಲಿ 192 ಸಲ ಬೀಳುತ್ತದೆ. ಹತ್ತಿರ ಹತ್ತಿರ ಐದಕ್ಕೆ ನಾಲ್ಕು. ಅದೇ ಕೋಣ, ಅವೇ ದಾಳ. ಹೊತ್ತು ಮಾತ್ರ ಬೇರೆ.

ಗೆರೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹೊಸಬರು ಕೋಣವನ್ನು ಹಿಂದೆ ನಿಲ್ಲಿಸಿ ಅದರ ಮುಂದೆಯೇ ತಮ್ಮ ಕಾಲಾಳುಗಳನ್ನು ಇಳಿಸುತ್ತಾ ಹೋಗುತ್ತಾರೆ. ಆಮೇಲೆ ಬಿಡಬೇಕು ಅಂದಾಗ ದಾರಿ ಇರುವುದಿಲ್ಲ. ನಮ್ಮ ಕ್ರಾಸಿಗೆ ನೀರಿನ ಟ್ಯಾಂಕರ್ ಬಂದ ಹಾಗೆ. ಎರಡೂ ಕಡೆ ಸ್ಕೂಟರ್ ನಿಲ್ಲಿಸಿದ್ದರೆ ಎಂಥ ಇಂಜಿನ್ ಇದ್ದು ಏನು ಪ್ರಯೋಜನ? ಕೋಣದ ಮುಂದಿನ ಸಾಲನ್ನು ಮೊದಲಿನಿಂದಲೂ ಖಾಲಿ ಬಿಡಬೇಕು. ಚೆಸ್ ಆಡುವವರಿಗೆ ಇದು ಹೊಸದಲ್ಲ. ನಾವು ಆನೆ ಅನ್ನುವ ಕಾಯಿ ನೇರ ಗೆರೆಯಲ್ಲಿ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಆದರೂ ಆಟ ಶುರುವಾದ ಕೂಡಲೇ ಯಾರೂ ಆನೆಯನ್ನು ಹೊರಗೆ ತರುವುದಿಲ್ಲ. ಮೂಲೆಯಲ್ಲಿ ಕೂತಿರುತ್ತದೆ. ಮುಂದಿನ ಪದಾತಿ ಸರಿದು ಸಾಲು ತೆರೆದ ಮೇಲೆ ಅದರ ಕೆಲಸ ಶುರು.

ಗೆರೆ ಎದುರಾಳಿಗೂ ಗೊತ್ತಿರುತ್ತದೆ ಅನ್ನುವುದನ್ನೂ ನೆನಪಿಡಬೇಕು. ಕ್ರಿಸ್ತಪೂರ್ವ 202ರಲ್ಲಿ ಆಫ್ರಿಕಾದ ಜಾಮಾದಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ತನ್ನ ಆನೆಗಳನ್ನು ಯುದ್ಧದ ಶುರುವಿನಲ್ಲೇ ರೋಮನ್ನರ ಮೇಲೆ ಬಿಟ್ಟ. 80 ಆನೆ ಇದ್ದವು ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ರೋಮನ್ನರ ಸೇನಾಪತಿ ಸಿಪಿಯೋ ತನ್ನ ದಂಡಿನ ನಡುವೆ ನೇರವಾದ ಓಣಿಗಳನ್ನು ಬಿಟ್ಟಿದ್ದ. ಕಹಳೆ ಊದಿಸಿದ. ಕೆಲವು ಆನೆ ಬೆದರಿ ತಮ್ಮ ಕಡೆಯ ಕುದುರೆ ದಂಡಿನ ಮೇಲೇ ತಿರುಗಿಬಿದ್ದವು. ಉಳಿದವು ಓಣಿ ಹಿಡಿದು ಓಡಿ ಹಿಂದೆ ಹೋಗಿಬಿಟ್ಟವು. ಅಷ್ಟು ಭಾರದ ಪ್ರಾಣಿ ಓಟ ಹಿಡಿದ ಮೇಲೆ ಬೇಕೆಂದಲ್ಲಿ ತಿರುಗುವುದಿಲ್ಲ. ಮೊದಲ ಏಟಿಗೇ ಆನೆ ಮುಗಿಯಿತು, ಇಡೀ ಯುದ್ಧ ಬಾಕಿ ಇತ್ತು. ಮೊಮ್ಮಗಳು ಇದನ್ನು ಓದಿ ಹೇಳಿದಾಗ ಎದುರು ಮನೆ ಹುಡುಗಿ, ತಾತ, ನಮ್ಮ ಕೋಣಕ್ಕೂ ಹಿಂಗೇ ಆಯ್ತಲ್ಲ ಅಂದಳು.

ಇನ್ನು ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಬೇರೆ ಇದೆ. ನಮ್ಮ ಅಪ್ಪ ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನುದಾರರ ಮನೆಯ, ಕೋಣ ನೋಡಿಕೊಳ್ಳುತ್ತಿದ್ದರು. ಕಂಬಳದ ಕೋಣ. ನಾನು ಜೊತೆಗೆ ಹೋಗುತ್ತಿದ್ದೆ. ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು, ವರ್ಷವಿಡೀ ಇದೇ ಕೆಲಸ. ಓಟ ಎಷ್ಟು ಹೊತ್ತು? ಹನ್ನೆರಡು ಹದಿಮೂರು ಸೆಕೆಂಡ್. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದ್ದು ಇಡೀ ದೇಶಕ್ಕೆ ಸುದ್ದಿಯಾಯಿತು. ಜನ ನೋಡುವುದು ಆ ಓಟವನ್ನು. ನಾನು ನೋಡಿದ್ದು ಅದಕ್ಕೆ ಮುಂಚಿನದನ್ನು.

ಕರೆಯ ತುದಿಯಲ್ಲಿ ಕೋಣ ತಿರುಗಿಸಿ ನಿಲ್ಲಿಸುತ್ತಾರೆ. ಮೂಗಿನ ಹೊಳ್ಳೆ ಅರಳಿರುತ್ತದೆ. ಬಾಯಲ್ಲಿ ನೊರೆ. ಎಣ್ಣೆ ಹಚ್ಚಿದ ಕರಿ ಮೈ ಮೇಲೆ ಕೆಸರಿನ ನೀರು ನಿಲ್ಲದೆ ಜಾರುತ್ತಿರುತ್ತದೆ. ಹಗ್ಗ ಹಿಡಿದವರ ತೋಳಿನ ನರ ಎದ್ದಿರುತ್ತದೆ. ಒಂದು ಕೋಣ ಮುಂದಕ್ಕೆ ಎಳೆದರೆ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಎರಡರ ತಲೆಯೂ ಒಂದೇ ಸಮ ಬರಬೇಕು, ಓಡಿಸುವವನ ಕೈ ಹಿಂದೆ ಕೂರಬೇಕು, ಕರೆ ಖಾಲಿ ಇರಬೇಕು. ಅಪ್ಪ ಕೋಣದ ಕುತ್ತಿಗೆಯ ಮೇಲೆ ಅಂಗೈ ಊರಿ ನಿಂತಿರುತ್ತಿದ್ದರು. ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ತುಳುವಿನಲ್ಲಿ ಹೇಳುತ್ತಿದ್ದರು. ಸುತ್ತ ಸಾವಿರ ಜನ ಬಿಡಿ ಬಿಡಿ ಅಂತ ಕೂಗಿದರೂ ಬಿಡುತ್ತಿರಲಿಲ್ಲ. ಒಂದು ಸಲ ಕಾಲು ಗಂಟೆಗೂ ಮೇಲೆ ಹಾಗೇ ನಿಂತಿದ್ದು ನನಗೆ ನೆನಪಿದೆ. ಬಿಟ್ಟ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಆ ಕಡೆ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಹಿಡಿಯಲು ಜನ ನಿಂತಿದ್ದಾರೆ ಅಂತ ಕಣ್ಣಾರೆ ನೋಡಿಕೊಂಡ ಮೇಲೇ ಕೈ ತೆಗೆಯುತ್ತಿದ್ದರು.

2023ರ ನವೆಂಬರ್ 25 ಮತ್ತು 26ರಂದು ಅರಮನೆ ಮೈದಾನದಲ್ಲಿ ಕಂಬಳ ಆದಾಗ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಮೊದಲ ಸಲ ನೋಡಿದ್ದು. ಎಲ್ಲರೂ ಓಟಕ್ಕೆ ಫೋನ್ ಎತ್ತಿ ಹಿಡಿದಿದ್ದರು. ನಾನು ಅವಳಿಗೆ ಕೋಣ ಬಿಡುವ ಜಾಗದ ಕಡೆ ನೋಡು ಅಂದೆ. ಜನರ ಸಂದಿಯಲ್ಲಿ ತುದಿಗಾಲಲ್ಲಿ ನಿಂತು ನೋಡಿದಳು. ಕಾರ್ಡ್ ಡಬ್ಬಿ ಮನೆಗೆ ಬಂದಿದ್ದು ಅದಾದ ಮೇಲೆ. ನನ್ನ ಕೋಣವನ್ನು ಕಟ್ಟಿ ಸೋಲಿಸಿದ ಆ ಮೊದಲ ತಿಂಗಳಲ್ಲೇ ಒಂದು ದಿನ ಅವಳು ಕೇಳಿದಳು, ಅಜ್ಜ, ಅಲ್ಲಿ ಅಷ್ಟು ಹೊತ್ತು ಹಿಡಿದುಕೊಳ್ಳುತ್ತಿದ್ದರಲ್ಲ, ಇಲ್ಲಿ ನೀವು ಯಾಕೆ ಹಿಡಿದುಕೊಳ್ಳಲ್ಲ? ಅಪ್ಪನ ಕೈ ಕೆಳಗೆ ಬೆಳೆದವನು ನಾನು. ಅವಳ ಮಾತು ನನಗೆ ಚೆನ್ನಾಗಿ ನಾಟಿತು. ಹುಣಸೆ ಬೀಜ ಹಾಕಿ ನೋಡಿದ್ದು ಅದರ ಮರುದಿನ.

ನಿಮ್ಮ ಬರಹಗಾರರು ಸುಳ್ಳು ಬರೆದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಮೊದಲೇ ನುಗ್ಗಿಸಿ ಗೆಲ್ಲುವ ಆಟಗಳೂ ಇವೆ. ಎದುರಾಳಿ ತನ್ನ ಮಣಿಯನ್ನೆಲ್ಲ ಖರ್ಚು ಮಾಡಿ ದೊರೆಯನ್ನು ಒಂಟಿಯಾಗಿ ಬಿಟ್ಟಿದ್ದರೆ ಕಾಯಬಾರದು. ಸುತ್ತಲು ಅವನ ಹತ್ತಿರ ಜನವೇ ಇಲ್ಲ, ಇಳಿಸಲು ಮಣಿಯೂ ಇಲ್ಲ. ಆಗ ಮೂರು ಸರದಿ ಹೊಡೆದರೂ ನಡೆಯುತ್ತದೆ. ಹೊಸಬರು ಹೊಸಬರ ಜೊತೆ ಆಡುವಾಗ ಇದು ಮತ್ತೆ ಮತ್ತೆ ಆಗುತ್ತದೆ, ಯಾಕೆಂದರೆ ಕಾವಲು ಇಡಬೇಕು ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ. ಬರೆದವರು ಅಂಥ ಆಟಗಳನ್ನು ನೋಡಿರಬಹುದು. ಆದರೆ ಅದನ್ನೇ ಎಲ್ಲ ಹೊತ್ತಿಗೂ ಸಲ್ಲುವ ಬುದ್ಧಿಮಾತಿನ ಹಾಗೆ ಮಕ್ಕಳಿಗೆ ಕೊಡಬಾರದು. ಹುಡುಗರು ಎರಡು ಸಲ ಗೆದ್ದು, ಆಮೇಲೆ ಕಾವಲಿಡುವವರ ಎದುರು ಸೋತು, ಈ ಕಾರ್ಡೇ ಸರಿಯಿಲ್ಲ ಅಂತ ಪಕ್ಕಕ್ಕೆ ಎಸೆಯುತ್ತಾರೆ. ಅಷ್ಟು ಒಳ್ಳೆಯ ಕಾರ್ಡ್!

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಮಕ್ಕಳ ಪುಟದಲ್ಲಿ ಆ ಸಾಲನ್ನು ತಿದ್ದಿ. ಜಾಗ ಇದ್ದರೆ ಚೆಸ್ ಸಮಸ್ಯೆ ಹಾಕುವ ಹಾಗೆ ವಾರಕ್ಕೊಂದು ಹಾಸಿನ ಚಿತ್ರ ಹಾಕಿ, ಕೋಣವನ್ನು ಈಗ ಬಿಡಬೇಕೋ ಬೇಡವೋ ಅಂತ ಕೇಳಿ. ಮಕ್ಕಳು ಬರೆದು ಕಳಿಸುತ್ತಾರೆ. ಪದಗಳಿಗೂ ಕಷ್ಟಪಡಬೇಕಾಗಿಲ್ಲ. ಮನೆ, ಕಾಯಿ, ದಾಳ, ಸರದಿ, ಕಟ್ಟುವುದು, ಕಡಿಯುವುದು, ಎಲ್ಲ ನಮ್ಮ ಜಗಲಿ ಆಟಗಳಲ್ಲೇ ಇದೆ. ನಮ್ಮ ಮನೆಗೆ ಬರುವ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುವವರು, ಆಡುವಾಗ ಈ ಮಾತುಗಳನ್ನೇ ಆಡುತ್ತಾರೆ.

ಕೆಳಗಿನ ಮನೆ ಹುಡುಗ ಮಂಗಳವಾರ ಮತ್ತೆ ಬಂದ. ಹುಣಸೆ ಬೀಜದ ಡಬ್ಬಿ ಅವನ ಕೈಗೇ ಕೊಟ್ಟೆ, ಅವನೇ ಹಾಕಿ ಎಣಿಸಿದ. ಆಮೇಲೆ ಮೊಮ್ಮಗಳ ಜೊತೆ ಆಟಕ್ಕೆ ಕೂತ. ಟ್ಯೂಷನ್ ಹೊತ್ತಾಯಿತು ಅಂತ ಆಟ ಅರ್ಧಕ್ಕೆ ನಿಂತಿದೆ. ಹಾಸನ್ನು ಹಾಗೇ ಬಿಟ್ಟು ಮೇಲೆ ಪೇಪರ್ ಮುಚ್ಚಿದ್ದೇವೆ, ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂರುತ್ತಿದ್ದೇವೆ. ಅವನ ಕೋಣ ಎರಡನೇ ಸಾಲು, ಮೂರನೇ ಮನೆಯಲ್ಲಿದೆ. ಏಳು ಸರದಿ ಆಯಿತು, ಇನ್ನೂ ಕದಲಿಸಿಲ್ಲ. ಮುಂದಿನ ಸಾಲು ಖಾಲಿ ಇದೆ. ಮೊಮ್ಮಗಳ ದೊರೆಗೆ ನಾಲ್ಕು ಪ್ರಾಣ ಉಳಿದಿದೆ.

ಇಂತಿ ನಿಮ್ಮ ಓದುಗ,
ನಿವೃತ್ತ ಹೋಟೆಲ್ ಕೆಲಸಗಾರ
ಶ್ರೀನಗರ, ಬೆಂಗಳೂರು